ಟೋಪಿಯ ಲೆಕ್ಕದ ತಾಯಿ

ಸರ್ಕಾರಕ್ಕೆ ಜನ ಟೋಪಿ ಹಾಕುವುದು ಹಳೆಯ ಸುದ್ದಿ. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಸರ್ಕಾರಗಳೇ ಜನರ ತಲೆ ಹಿಡಿದು ಟೋಪಿ ಹಾಕತೊಡಗಿದವು. ಹುಬ್ಬಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಗಾಜಿನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಬೂದು ಬಣ್ಣದ ಅಂಥ ಟೋಪಿಗಳನ್ನು ಸಾಲಾಗಿ ತೂಗುಹಾಕಿದ್ದರು. ಒಳಮೈಯೆಲ್ಲ ಕೂದಲಿಗಿಂತ ಸಣ್ಣ ತಂತಿ. ಹಾಕಿಕೊಂಡರೆ ನೆತ್ತಿಗೆ ತಣ್ಣನೆಯ ಎಣ್ಣೆ ಹಚ್ಚಿದ ಹಾಗಾಗುತ್ತದೆ. ಸರ್ಕಾರಿ ಭಾಷೆಯಲ್ಲಿ ಅದರ ಹೆಸರು ಸ್ಮೃತಿ ತಾಳೆ ಸಾಧನ. ಊರವರ ಬಾಯಲ್ಲಿ ಬರೀ ಟೋಪಿ.

ಅದನ್ನು ತಂದವರು ಉತ್ತರ ಒಕ್ಕೂಟದವರು. ಹಿಮ ಬೀಳುವ, ಮುದುಕರೇ ಹೆಚ್ಚಾಗಿರುವ ಕೆಲವು ದೇಶಗಳ ಕೂಟ ಅದು. ಅವರಿಗೆ ನುರಿತ ಕೈಗಳು ಬೇಕು. ಆದರೆ ನಮ್ಮ ಕಡೆಯಿಂದ ನುರಿತ ಕೈಗಳ ಜೊತೆ ಬಾಡಿಗೆ ಹೆಂಡಿರು, ಬಾಡಿಗೆ ಮಕ್ಕಳು, ನಿನ್ನೆ ಮುದ್ರಿಸಿದ ಹಳೇ ಜನನ ಪತ್ರಗಳೂ ಹೋಗತೊಡಗಿದವು. ಏಜೆಂಟರು ಕಾಗದ ಹುಟ್ಟಿಸುವುದರಲ್ಲಿ ಎಷ್ಟು ಪಳಗಿದರೆಂದರೆ ಒಕ್ಕೂಟದವರು ಕಾಗದ ನಂಬುವುದನ್ನೇ ಬಿಟ್ಟರು. ಯಾರೋ ಮಾಡಿದ ತಪ್ಪಿಗೆ ಊರೆಲ್ಲ ತಲೆ ಕೊಡಬೇಕಾಯಿತು.

ಟೋಪಿ ಮನಸ್ಸನ್ನು ಓದುವುದಿಲ್ಲ, ಅಷ್ಟು ಜಾಣತನ ಅದಕ್ಕಿಲ್ಲ. ಒಂದು ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ತಲೆಯಲ್ಲಿ ಒಂದು ಮುಖ ಏಳುತ್ತದೆ. ಏಳುವಾಗ ಮಿದುಳಿನಲ್ಲಿ ಸಣ್ಣ ವಿದ್ಯುತ್ತಿನ ಅಲೆಯೊಂದು ಹಾಯುತ್ತದೆ. ಅದೇ ಮುಖದ ಫೋಟೋ ನೋಡಿದರೂ ಅಂಥದೇ ಅಲೆ. ಎರಡೂ ಕೂಡಿದರೆ ತಾಳೆ, ಹಸಿರು ದೀಪ. ಕೂಡದಿದ್ದರೆ ಕೆಂಪು. ನಾಲಿಗೆಗೆ ಸುಳ್ಳು ಕಲಿಸಬಹುದು, ಆದರೆ ಮುಖ ಏಳುವುದನ್ನು ಯಾರೂ ತಡೆಯಲಾರರು ಎಂಬುದು ಅದನ್ನು ಕಟ್ಟಿದವರ ನಂಬಿಕೆ. ನಾನೂ ಯಂತ್ರದ ಅನ್ನ ಉಣ್ಣುವವಳೇ, ಅದಕ್ಕೇ ಯಂತ್ರವನ್ನು ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನ್ನ ಹೆಸರು ನೀಲಾಂಬಿಕಾ ಕೆರೂರ. ಆಸ್ಪತ್ರೆಯಲ್ಲಿ ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ಹೃದಯದ ಕೆಲಸವನ್ನು ಹೊರಗಿನ ಪಂಪೊಂದು ಮಾಡುತ್ತದೆ. ಆ ಪಂಪಿನ ಮುಂದೆ ಕೂತು ರಕ್ತ ಓಡಿಸುವವಳು ನಾನು. ಡಾಕ್ಟರು ಹೊಲಿಯುತ್ತಿರುವಷ್ಟು ಹೊತ್ತು ರೋಗಿಯ ಜೀವ ನನ್ನ ಬೆರಳ ತುದಿಯಲ್ಲಿರುತ್ತದೆ. ಈಗ ತನ್ನಷ್ಟಕ್ಕೆ ಓಡುವ ಪಂಪು ಬಂದಿದೆ. ನಮ್ಮ ಆಸ್ಪತ್ರೆಯಲ್ಲಿ ಮುಂದಿನ ಯುಗಾದಿಗೆ ನನ್ನ ಕುರ್ಚಿ ಇರುವುದಿಲ್ಲ ಎಂದು ಮುಖದ ಮೇಲೇ ಹೇಳಿದ್ದರು. ಒಕ್ಕೂಟದ ಕಾನೂನು ಮಾತ್ರ ಪಂಪಿನ ಪಕ್ಕ ಮನುಷ್ಯರು ಕೂರಲೇಬೇಕೆನ್ನುತ್ತದೆ. ನನ್ನ ಕೆಲಸದ ಪರೀಕ್ಷೆ ಸಲೀಸಾಗಿ ಮುಗಿಯಿತು. ಸಿಕ್ಕಿಬಿದ್ದದ್ದು ನನ್ನ ಬಾಳು.

ಅದರ ಕಥೆ ಹೀಗೆ. ನನ್ನ ಅಕ್ಕ ಮಹಾದೇವಿ ಕೂಸು ಹೆತ್ತ ನಾಲ್ಕನೆಯ ತಿಂಗಳಿಗೆ ಕಾಮಾಲೆಯಿಂದ ತೀರಿಕೊಂಡಳು. ಹೊರಗಿನವಳು ಬಂದರೆ ಮಲತಾಯಿಯಾಗುತ್ತಾಳೆ, ತಂಗಿಯೇ ಹೋದರೆ ತಾಯಿಯಾಗುತ್ತಾಳೆ ಎಂದು ಹಿರಿಯರು ಕೂತು ತೀರ್ಮಾನಿಸಿ ನನ್ನನ್ನು ಭಾವ ಈರಣ್ಣನಿಗೇ ಕೊಟ್ಟರು. ಅವನಿಗೆ ನನ್ನ ಮುಖದಲ್ಲಿ ಅಕ್ಕನನ್ನು ಹುಡುಕುವ ಚಟ, ನನಗೆ ಸಿಗದೇ ಇರುವ ಹಟ. ಆ ಸಂಸಾರ ಮೂರು ವರ್ಷ ಕುಂಟಿತು. ಆಮೇಲೆ ಅವನು ಸೂರತ್ತಿಗೆ ಹೋಗಿ ಬೇರೆ ಸಂಸಾರ ಹೂಡಿದ. ಕೋರ್ಟಿನಲ್ಲಿ ಬಿಡುಗಡೆಯಾಯಿತು. ಕೂಸನ್ನು ನಾನೇ ಇಟ್ಟುಕೊಂಡೆ, ಅವನ ಒಪ್ಪಿಗೆಯಿಂದ ದತ್ತು ಪತ್ರವನ್ನೂ ಮಾಡಿಸಿದೆ. ಹಾಗಾಗಿ ನಾನು ಅವಳ ಚಿಕ್ಕಮ್ಮ, ಮಾಜಿ ಮಲತಾಯಿ, ಹಾಲಿ ದತ್ತು ತಾಯಿ. ಒಕ್ಕೂಟದ ಅರ್ಜಿಯಲ್ಲಿ ಗುರುತು ಹಾಕಲು ಇದ್ದದ್ದು ಒಂದೇ ಚೌಕ. 'ತಾಯಿ' ಎಂಬುದಕ್ಕೆ ಗುರುತು ಹಾಕಿದೆ, ಅದರಲ್ಲಿ ಸುಳ್ಳೇನಿದೆ?

ಮೊದಲ ಸಲ ಟೋಪಿ ಹಾಕಿದ್ದು ನನಗೊಬ್ಬಳಿಗೇ. ಯಂತ್ರದ ಮುಂದೆ ಇದ್ದವಳು ಸಿಂಚನಾ ಅಂತ, ಮೈಸೂರಿನ ಹುಡುಗಿ, ಮಾತು ಬೆಣ್ಣೆ. ಗಾಜಿನ ಕೋಣೆಯಲ್ಲಿ ನಾನು ಕೂತೆ. ಸ್ಪೀಕರಿನಿಂದ ಒಂದೊಂದೇ ಪದ ಬಂತು, ಪರದೆಯ ಮೇಲೆ ಒಂದೊಂದೇ ಫೋಟೋ. 'ಅಕ್ಕ' ಹಸಿರು. 'ತಂದೆ' ಹಸಿರು. ಮುಂದಿನ ಎರಡು ಪದಗಳಿಗೆ ಏನಾಯಿತೋ, ಸಿಂಚನಾ ತುಟಿ ಕಚ್ಚಿಕೊಂಡು ಮತ್ತೆ ಮತ್ತೆ ಓಡಿಸಿದಳು. ಆಮೇಲೆ ಬಂದು ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಮೇಡಂ, ಗಾಬರಿಯಾಗ್ಬೇಡಿ. 'ಮಗಳು' ಅನ್ನೋ ಪದಕ್ಕೆ ನಿಮ್ ತಲೇಲಿ ಏನೂ ಸರಿಯಾಗಿ ಏಳ್ತಾ ಇಲ್ಲ. ತುಂಬಾ ಮಸುಕು. ಅದಕ್ಕಿಂತ ವಿಚಿತ್ರ ಅಂದ್ರೆ, 'ತಾಯಿ' ಅಂದಾಗ ನಿಮ್ ತಾಯಿ ಫೋಟೋ ಹೊಂದ್ತಾ ಇಲ್ಲ. ಈ ಮಗು ಫೋಟೋ ಹೊಂದ್ತಾ ಇದೆ."

ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಂತ್ರ ಕಂಡುಹಿಡಿದದ್ದು ನೂರಕ್ಕೆ ನೂರು ನಿಜವಾಗಿತ್ತು.

ನನ್ನ ಅವ್ವನ ಹೆಸರು ದಾಕ್ಷಾಯಣಿ. ಅವಳು ತೀರಿಕೊಂಡ ವರ್ಷವೇ ಹುಟ್ಟಿದ ಕೂಸಿಗೆ ಅಕ್ಕ ಅವಳ ಹೆಸರನ್ನೇ ಇಟ್ಟಳು. ಹೆತ್ತವಳ ಹೆಸರು ಹಿಡಿದು ಕೂಗಲು ನಮ್ಮ ಮನೆಯಲ್ಲಿ ಯಾರಿಗೂ ನಾಲಿಗೆ ಏಳುವುದಿಲ್ಲ. ಅವ್ವನೇ ತಿರುಗಿ ಬಂದಳು ಎಂದು ತೊಟ್ಟಿಲ ದಿನವೇ ಅಂದುಕೊಂಡ ಮೇಲೆ, 'ಏ ದಾಕ್ಷಾಯಣಿ, ಮುಸುರೆ ತಿಕ್ಕು' ಎನ್ನುವುದು ಹೇಗೆ? ಅದಕ್ಕೆ ಹುಟ್ಟಿದಾಗಿನಿಂದ ಅವಳನ್ನು ನಾನು ಕರೆಯುವುದು 'ತಾಯಿ' ಎಂದೇ. ಏಳು ತಾಯಿ, ಉಣ್ಣು ತಾಯಿ, ಓದು ತಾಯಿ, ಸಾಕು ಮಾಡು ನನ್ನ ತಾಯಿ. 'ಮಗಳು' ಎಂಬ ಪದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬಳಸಿದ್ದಿಲ್ಲ, ಅದು ಶಾಲೆಯ ಅರ್ಜಿಗೆ ಮಾತ್ರ. ಅವಳು ನನ್ನನ್ನು ಕರೆಯುವುದು 'ಚಿಗವ್ವ' ಎಂದು. ನಮ್ಮ ಕಡೆ ತಾಯಿಯ ತಂಗಿಯೂ ಚಿಗವ್ವ, ಅಪ್ಪ ಮಾಡಿಕೊಂಡ ಎರಡನೆಯ ಹೆಂಡತಿಯೂ ಚಿಗವ್ವ. ನಾನಂತೂ ಎರಡೂ ಆಗಿದ್ದವಳು.

ಇದನ್ನೆಲ್ಲ ಹೇಳಿದೆ. ಸಿಂಚನಾ ನಗಲಿಲ್ಲ.

"ನಂಗೆ ಅರ್ಥ ಆಯ್ತು ಮೇಡಂ. ಅದಕ್ಕೆ ಅರ್ಥ ಆಗಲ್ಲ. ಬೆಂಗಳೂರಲ್ಲಿ ಸಾವಿರಾರು ಜನರ ತಲೆಗಳಿಂದ ಕಲ್ಸಿದ್ದಾರೆ, ತಾಯಿ ಅಂದ್ರೆ ಹೆತ್ತೋರು ಅಂತ."

"ಹಂಗಾರ ಚಿಗವ್ವ ಅನ್ನೂದನ್ನ ಅರ್ಜಿಯೊಳಗ ಸೇರಿಸ್ರಿ. ನಮ್ಮ ಮನಿ ಮಾತು ಅಂತ ಬರೀರಿ."

"ಚಿಗವ್ವ ಅಂದ್ರೆ ಚಿಕ್ಕಮ್ಮ ತಾನೆ? ಅದನ್ನ ಬರೆದ್ರೆ ತಾಯಿ ಅಲ್ಲ ಅಂತ ನೀವೇ ಒಪ್ಪಿಕೊಂಡ ಹಾಗೆ."

ಆಮೇಲೆ ಅವಳು ನಿಯಮ ಹೇಳಿದಳು, ನನ್ನ ನಗು ಅಲ್ಲಿಗೇ ನಿಂತಿತು. ಅರ್ಜಿದಾರರಿಗೆ ಎರಡೇ ಸಲ ಅವಕಾಶ. ಎರಡನೆಯ ಸಲ ಮಗುವಿಗೂ ಟೋಪಿ. ಆಗಲೂ ಕೆಂಪು ಬಂದರೆ ಇದು ಕದ್ದ ಮಗುವಿರಬಹುದು ಎಂಬ ಸಂಶಯದ ವರದಿ ತಾನಾಗಿಯೇ ನಮ್ಮ ಸರ್ಕಾರಕ್ಕೆ ಹೋಗುತ್ತದೆ. ವಿಚಾರಣೆ ಮುಗಿಯುವ ತನಕ ಮಗು ಬಾಲಮಂದಿರದಲ್ಲಿ ಇರಬೇಕು. ವಿಚಾರಣೆ ಎಷ್ಟು ಕಾಲ ಎಂದರೆ ಅವಳು ಮೇಲೆ ನೋಡಿದಳು.

"ಬ್ಯಾಡ್ರಿ ಹಂಗಾರ. ನನಗ ಹೋಗೂದ ಬ್ಯಾಡ. ಅರ್ಜಿ ವಾಪಸ್ ಕೊಡ್ರಿ."

"ವಾಪಸ್ ತಗೊಂಡ್ರೆ ಅದೂ ಕೆಂಪೇ ಮೇಡಂ. ಹೆದರಿ ಓಡಿದ್ರು ಅಂತ ಲೆಕ್ಕ."

ಕುತ್ತಿಗೆಗೆ ಹಗ್ಗ ಹಾಕಿಕೊಂಡು ನಾನೇ ತುದಿಯನ್ನು ಅವರ ಕೈಗೆ ಕೊಟ್ಟು ಬಂದಿದ್ದೆ. ಬೆಂಗೇರಿಯ ಮನೆಗೆ ಬಂದು ಬಾಗಿಲು ತಟ್ಟಿದೆ. ಬಾಗಿಲು ತೆಗೆದ ದಾಕ್ಷಾಯಣಿ "ಏನಾತ ಚಿಗವ್ವ?" ಎಂದು ಕೇಳಿದಳು. "ಏನಿಲ್ಲ ತಾಯಿ" ಎಂದು ಹೇಳಿ ಬಾಯಿ ಮುಚ್ಚಿಕೊಂಡೆ. ಎರಡೇ ಮಾತಿನಲ್ಲಿ ಇಬ್ಬರೂ ಫೇಲಾಗಿದ್ದೆವು.

ನಮ್ಮಂಥವರು ಊರಲ್ಲಿ ಬಹಳ ಮಂದಿ ಇದ್ದರು. ಕೂಡು ಕುಟುಂಬದಲ್ಲಿ ಬೆಳೆದ ಉತ್ತರ ಕರ್ನಾಟಕದವರನ್ನು ಕೇಳಿ ನೋಡಿ, ಅರ್ಧ ಜನ ಹೆತ್ತ ತಂದೆಯನ್ನು 'ಅಣ್ಣ' ಎಂದೋ 'ಕಾಕಾ' ಎಂದೋ ಕರೆಯುತ್ತಾರೆ. ಅವನ ತಮ್ಮಂದಿರು, ಅವನ ಅಣ್ಣನ ಮಕ್ಕಳು ಕರೆಯುವುದನ್ನು ಕೇಳಿ ಕಲಿತದ್ದು. ತಾಯಿ 'ವೈನಿ', ಎಂದರೆ ಅತ್ತಿಗೆ, ಆಗುತ್ತಾಳೆ, ಅಜ್ಜಿ 'ಅವ್ವ'ನಾಗುತ್ತಾಳೆ. ಇಷ್ಟು ಕಾಲ ಯಾರಿಗೂ ಇದರಿಂದ ತೊಂದರೆಯಾಗಿರಲಿಲ್ಲ. ಟೋಪಿ ಬಂದ ಮೇಲೆ ಹಲ್ಲಿನ ಡಾಕ್ಟರೊಬ್ಬ ಅಣ್ಣ-ವೈನಿಯರ ಮಗನೆಂದು ದಾಖಲಾಗಿ ತಿರಸ್ಕೃತನಾದ. ಎಲ್ಲಿ ರೋಗವೋ ಅಲ್ಲಿ ವೈದ್ಯ ಎಂಬಂತೆ ಕ್ಲಬ್ ರಸ್ತೆಯಲ್ಲಿ ಒಂದು ಬೋರ್ಡು ಎದ್ದಿತು: 'ಹಂಚಿನಾಳ ಸಂಬಂಧ ಕೋಚಿಂಗ್. ಹಸಿರು ದೀಪ ಗ್ಯಾರಂಟಿ.'

ಹಂಚಿನಾಳ ಸರ್ ಹಿಂದೆ ಗಣಿತ ಹೇಳಿಕೊಡುತ್ತಿದ್ದವರು. ದೊಡ್ಡ ಮೀಸೆ, ದೊಡ್ಡ ದನಿ. ದಾಕ್ಷಾಯಣಿಯನ್ನೂ ಕರೆದುಕೊಂಡು ದಿನಾ ಸಂಜೆ ಅಲ್ಲಿಗೆ ಹೋಗತೊಡಗಿದೆ. ಕ್ಲಾಸಿನಲ್ಲಿ ತಲೆ ನರೆತವರೆಲ್ಲ ಸಾಲಾಗಿ ಕೂತು ತಂದೆಯ ಫೋಟೋ ಹಿಡಿದು "ಅಪ್ಪ, ಅಪ್ಪ" ಎಂದು ಮಗ್ಗಿ ಹೇಳುವಂತೆ ಹೇಳುತ್ತಿದ್ದರು. ಒಬ್ಬ ಮುದಿ ಇಂಜಿನಿಯರು ಹತ್ತು ಸಲ ಅಂದು ಹನ್ನೊಂದನೆಯ ಸಲಕ್ಕೆ ಅತ್ತುಬಿಟ್ಟ. ಸತ್ತುಹೋದ ತಂದೆಯನ್ನು ಅವನು ಕಾಕಾ ಎಂದೇ ಕರೆದವನು, ಜೀವಮಾನದಲ್ಲಿ ಅಪ್ಪ ಎಂದವನಲ್ಲ.

"ನೋಡ್ರಿ ಬಾಯಾರ, ತಲಿ ಅಂದ್ರ ಹೊಲ ಇದ್ದಂಗ," ಎಂದರು ಹಂಚಿನಾಳ ಸರ್ ನನಗೆ. "ದಿನಾ ನಡದ್ರ ದಾರಿ ಬೀಳತೈತಿ. ಹುಡುಗಿ ನಿಮ್ಮನ್ನ ಅಮ್ಮ ಅನ್ನಬೇಕು. ನೀವು ಆಕಿನ್ನ ಮಗಳ ಅನ್ನಬೇಕು. ಹಳೇ ಹೆಸರಿಲೆ ಕರದ್ರ ಇಬ್ಬರೂ ಓಗೊಡಬ್ಯಾಡ್ರಿ. ಒಂದ ತಿಂಗಳ ಹಲ್ಲ ಕಚ್ಚಿ ಹಿಡೀರಿ."

ಆ ತಿಂಗಳ ನರಕ ನನ್ನ ವೈರಿಗೂ ಬೇಡ. ಹನ್ನೊಂದು ವರ್ಷ ಚಟಪಟ ಮಾತಾಡಿಕೊಂಡಿದ್ದ ಮನೆ ಸರ್ಕಾರಿ ಕಚೇರಿಯಾಯಿತು. "ಮಗಳೇ, ಊಟಕ್ಕೆ ಬಾ" ಎಂದು ನಾನು ನಾಟಕದ ರಾಣಿಯ ಹಾಗೆ ಕರೆಯುವುದು, ಅವಳು "ಬಂದೆ ಅಮ್ಮ" ಎನ್ನುವಾಗ ಗೋಡೆ ನೋಡುವುದು. ದಿನಗಳು ಕಳೆದಂತೆ ಅವಳು ನನ್ನನ್ನು ಕರೆಯುವುದನ್ನೇ ಕಡಿಮೆ ಮಾಡಿದಳು. ನೀರು ಬೇಕಾದರೆ ತಾನೇ ತಗೊಂಡಳು, ಜಡೆ ತಾನೇ ಹಾಕಿಕೊಂಡಳು. ಕರೆಯದಿದ್ದರೆ ತಪ್ಪಾಗುವುದಿಲ್ಲವಲ್ಲ.

ಒಂದು ಭಾನುವಾರ ಬಚ್ಚಲ ಮನೆಯ ಚಿಲಕ ಸಿಕ್ಕಿಕೊಂಡಿತು. ಒಳಗಿನಿಂದ "ಚಿಗವ್ವಾ" ಎಂದು ಕೂಗಿದಳು. ನಾನು ಓಡಿ ಹೋಗಿ ಬಾಗಿಲ ಹೊರಗೆ ನಿಂತೆ, ಆದರೆ ಓಗೊಡಲಿಲ್ಲ. ಅಮ್ಮ ಅನ್ನಲಿ, ಇದೇ ಪಾಠ, ಇವತ್ತು ಕಲಿತರೆ ನಾಳೆ ಬಾಲಮಂದಿರ ತಪ್ಪುತ್ತದೆ ಎಂದು ಹಲ್ಲು ಕಚ್ಚಿದೆ. ಇನ್ನೆರಡು ಸಲ ಕೂಗಿದಳು. ಆಮೇಲೆ ಸದ್ದೇ ಇಲ್ಲ. ತಡೆಯಲಾರದೆ ಚಾಕು ತುರುಕಿ ಚಿಲಕ ಎತ್ತಿದೆ. ಅವಳು ನೀರಿನ ಕೊಡದ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು, ಬಾಯಿ ಬಿಗಿ ಮುಚ್ಚಿಕೊಂಡು.

"ಯಾಕ ಸುಮ್ಮನಾದಿ?"

"ಅಮ್ಮ ಅನ್ನೂದು ಬಾಯಾಗ ಬರಲಿಲ್ಲ. ಚಿಗವ್ವ ಅಂದ್ರ ನೀ ಬರಂಗಿಲ್ಲ. ಅದಕ್ಕ ಸುಮ್ಮನಾದೆ."

ಅಪ್ಪಿಕೊಂಡು ಅತ್ತೆ. ಅವಳೂ ಅತ್ತಳು. ಅತ್ತು ಮುಗಿದ ಮೇಲೆ ಒಂದು ಮಾತು ಕೇಳಿದಳು.

"ನಿನಗ ಅವ್ವ ಅಂತಾದರೂ ಅಂದೇನಂದ್ರ, ಅವ್ವ ಅಂದ್ರ ಫೋಟೋದಾಗಿನಾಕಿ. ನೀನೂ ಅವ್ವ ಆದ್ರ ಆಕಿ ಎಲ್ಲಿಗೆ ಹೋಗಬೇಕು?"

ಅಕ್ಕನ ಜಾಗವನ್ನು ನಾನು ಎಂದೂ ಕೇಳಿದವಳಲ್ಲ. ನನಗೆ ನನ್ನದೇ ಜಾಗವಿತ್ತು, ಅದಕ್ಕೊಂದು ಹೆಸರಿತ್ತು, ಆ ಹೆಸರು ಮಾತ್ರ ಬೆಂಗಳೂರಿನ ಯಂತ್ರಕ್ಕೆ ಗೊತ್ತಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಮತ್ತೆ "ಮಗಳೇ" ಎಂದೆ. ಹೆದರಿಕೆ ಮನುಷ್ಯರ ಕೈಯಲ್ಲಿ ಏನು ಬೇಕಾದರೂ ಮಾಡಿಸುತ್ತದೆ.

ಎರಡನೆಯ ಸಲ ಹೋದ ದಿನ ಗಾಜಿನ ಕಟ್ಟಡದ ಕೆಳಗೆ ಬಿಳಿ ಜೀಪೊಂದು ನಿಂತಿತ್ತು. ಬಾಗಿಲ ಮೇಲೆ ಮಕ್ಕಳ ರಕ್ಷಣಾ ಇಲಾಖೆಯ ಹೆಸರು. ಒಳಗೆ ಖಾದಿ ಸೀರೆಯ ಹೆಂಗಸೊಬ್ಬಳು ಚುರುಮುರಿ ತಿನ್ನುತ್ತಿದ್ದಳು. ದಾಕ್ಷಾಯಣಿ ಜೀಪಿನ ಬಾಗಿಲ ಮೇಲಿನ ಹೆಸರನ್ನು ಓದಿದಳು, ನನ್ನ ಮುಖ ನೋಡಿ ಕೈ ಬಿಗಿ ಹಿಡಿದಳು.

ಮೊದಲು ನನ್ನ ಸರದಿ. ಔಷಧ ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದರೆ ಏನಾಗುತ್ತದೆ? ಸ್ಪೀಕರಿನಲ್ಲಿ 'ತಾಯಿ' ಎಂದ ಕೂಡಲೇ ಅವಳ ಮುಖ ನೆನೆಯಬಾರದು, ನೆನೆಯಬಾರದು ಎಂದು ಒದ್ದಾಡಿದೆ. ಬಚ್ಚಲಲ್ಲಿ ಬಾಯಿ ಮುಚ್ಚಿ ಕೂತ ಅದೇ ಮುಖ ದಢಾರನೆ ಎದ್ದು ನಿಂತಿತು. ಕೆಂಪು.

ಅವಳ ಸರದಿ ಬಂತು. ಮಕ್ಕಳಿಗೆ 'ಅಮ್ಮ' ಎಂದು ಕೇಳುತ್ತಾರೆ. ನನ್ನ ಫೋಟೋ ತೋರಿಸಿದರು, ಹೊಂದಲಿಲ್ಲ. ಅಕ್ಕನದು ತೋರಿಸಿದರು, ಹೊಂದಲಿಲ್ಲ. ಸಿಂಚನಾ ಹುಬ್ಬು ಗಂಟಿಕ್ಕಿ ಪರದೆಗೆ ಬಗ್ಗಿದಳು.

"ಏನೋ ಒಂದು ಮುಖ ಜೋರಾಗಿ ಏಳ್ತಾ ಇದೆ ಮೇಡಂ. ನಮ್ಮ ಹತ್ರ ಇರೋ ಫೋಟೋ ಯಾವ್ದೂ ಅಲ್ಲ. ಪುಟ್ಟಾ, ಅಮ್ಮ ಅಂದ್ರೆ ನಿಂಗೆ ಯಾರು ನೆನಪಾಗ್ತಾರೆ?"

ಗಾಜಿನಾಚೆಯಿಂದ ದಾಕ್ಷಾಯಣಿಯ ಸಣ್ಣ ದನಿ ಬಂತು. "ಹಂಚಿನಾಳ ಸರ್."

ತಿಂಗಳು ಪೂರ್ತಿ ಆ ಪದವನ್ನು ಆ ಮೀಸೆಯ ಮುಂದೆ ಕೂತು ಕಲಿತವಳಿಗೆ ಇನ್ನಾರು ನೆನಪಾಗಬೇಕು! ದಾರಿ ಬಿದ್ದಿತ್ತು, ಸರಿಯಾಗಿ ಅವರ ಮನೆ ಬಾಗಿಲಿಗೇ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಗಾಜಿನ ಗೋಡೆಯಿಂದ ಕೆಳಗಿನ ಜೀಪನ್ನು ನೋಡಿದೆ.

ಸಿಂಚನಾ ಎದ್ದು ದಾಕ್ಷಾಯಣಿಯ ಕೋಣೆಯ ಬಾಗಿಲು ಎಳೆದು ಬಂದಳು. ದನಿ ತಗ್ಗಿಸಿದಳು.

"ಈ ಎರಡನೇ ಸಲದೊಳಗೇ ಇನ್ನೊಂದು ಪರೀಕ್ಷೆ ಇದೆ ಮೇಡಂ. ಯಾರಿಗೂ ನಾವಾಗೇ ಹೇಳಲ್ಲ. ಇಬ್ರಿಗೂ ಒಟ್ಟಿಗೆ ಟೋಪಿ ಹಾಕ್ತೀವಿ, ಬೇರೆ ಬೇರೆ ಕೋಣೇಲಿ. ದೀಪ ಆರಿಸ್ತೀವಿ. ಮಗು ಕೂತ ಕುರ್ಚಿ ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ವಾಲುತ್ತೆ, ಬೀಳ್ತೀನಿ ಅನ್ನೋ ಭಯ ಆಗುತ್ತೆ. ಬೀಳಲ್ಲ, ಬೆಲ್ಟ್ ಇರುತ್ತೆ. ಆ ಭಯದಲ್ಲಿ ಯಾರ ಬಾಯಿಂದ ಯಾವ ಪದ ಬರುತ್ತೆ, ಯಾರ ತಲೇಲಿ ಯಾರ ಮುಖ ಏಳುತ್ತೆ, ಅದನ್ನ ನೋಡಿ ಯಂತ್ರ ತಾನೇ ಸಂಬಂಧ ಹುಡುಕುತ್ತೆ. ಅರ್ಜಿ ನೋಡೋದೇ ಇಲ್ಲ."

"ಕೂಸಿನ್ನ ಹೆದರಸಿ ನೋಡ್ತೀರೇನು? ನಿಮ್ಮ ಮನ್ಯಾಗ ಮಕ್ಕಳಿಲ್ಲೇನ್ರಿ?"

"ಅದಕ್ಕೇ ನಿಮ್ಮ ಒಪ್ಪಿಗೆ ಬೇಕು."

"ಕೊಡಂಗಿಲ್ಲ. ಏನ ಬೇಕಾದ್ದು ಬರಕೋರಿ."

ಅಷ್ಟರಲ್ಲಿ ಬಾಗಿಲು ತೆರೆದು ದಾಕ್ಷಾಯಣಿ ನಿಂತಿದ್ದಳು. ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಅವಳ ಕೋಣೆಯ ಸ್ಪೀಕರು ಆರಿಸುವುದನ್ನು ಸಿಂಚನಾ ಮರೆತಿದ್ದಳು, ಎಲ್ಲ ಕೇಳಿಸಿತ್ತು.

"ನಾ ಮಾಡ್ತೇನಿ. ಕೆಳಗ ಜೀಪ ಯಾಕ ನಿಂತೈತಿ ಅಂತ ನನಗ ಗೊತ್ತದ."

"ಬ್ಯಾಡ ತಾ..." ಎಂದು ನಾಲಿಗೆ ಕಚ್ಚಿಕೊಂಡೆ. "ಬ್ಯಾಡ ಮಗಳ."

"ನಿನಗ ಹೆದರಿಕಿ ಆದ್ರ ನೀ ಕಣ್ಣ ಮುಚ್ಚಿಕೋ," ಎಂದಳು ನನಗೇ. ಹಟದಲ್ಲಿ ಅವಳು ನನ್ನ ಅವ್ವನೇ ಸರಿ. ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ನಾನು ಸಹಿ ಹಾಕಿ, ಪಕ್ಕದ ಕೋಣೆಗೆ ಹೋಗಿ ಟೋಪಿ ಹಾಕಿಕೊಂಡೆ.

ನನ್ನ ಕೋಣೆಯ ದೀಪವೂ ಆರಿತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಸ್ಪೀಕರಿನಲ್ಲಿ ಅವಳ ಉಸಿರಾಟ ಮಾತ್ರ ಕೇಳುತ್ತಿತ್ತು. ಆಮೇಲೆ ಗಡಕ್ಕೆಂಬ ಸದ್ದು, ಕುರ್ಚಿ ವಾಲಿದ ಸದ್ದು. ಅವಳು ಉಸಿರನ್ನು ಒಮ್ಮೆಲೇ ಒಳಕ್ಕೆ ಎಳೆದುಕೊಂಡಳು. ಈಗ ಕೂಗುತ್ತಾಳೆ ಎಂದು ಕಾದೆ. ಕೂಗಲಿಲ್ಲ. ಕುರ್ಚಿ ಇನ್ನಷ್ಟು ವಾಲಿತು. ಮೂಗಿನಿಂದ ಬುಸು ಬುಸು ಉಸಿರು, ಗಂಟಲಲ್ಲಿ ಏನೋ ಒತ್ತಿ ಹಿಡಿದ ಮುಲುಕು. ಮಾತಿಲ್ಲ.

"ಭಯದ ಗೆರೆ ತುದಿ ಮುಟ್ಟಿದೆ," ಸಿಂಚನಾಳ ದನಿ ಕಿವಿಯಲ್ಲಿ ನಡುಗಿತು. "ಆದ್ರೆ ಮಾತಾಡ್ತಾ ಇಲ್ಲ ಮೇಡಂ. ಮಾತು ಬರ್ದೇ ಇದ್ರೆ ಫೇಲ್. ಇನ್ನು ಸ್ವಲ್ಪ ಹೊತ್ತು ಅಷ್ಟೇ."

ಆ ಮೂಗಿನ ಉಸಿರು ನನಗೆ ಗೊತ್ತಿತ್ತು. ಬಾಯಿ ಬಿಗಿ ಮುಚ್ಚಿಕೊಂಡಿದ್ದಾಳೆ. ಬಾಯಿ ಬಿಟ್ಟರೆ ತಪ್ಪು ಪದ ಬಿದ್ದೀತು, ಬಿದ್ದರೆ ಜೀಪು ಕರೆದೊಯ್ದೀತು ಎಂದು, ಕತ್ತಲಲ್ಲಿ ಬೀಳುತ್ತಿರುವ ಮಗು ಹಲ್ಲು ಕಚ್ಚಿ ಹಿಡಿದಿದೆ. ನಾನು ಕಲಿಸಿದ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದೆ. ವೀಸಾ ಸುಡಲಿ, ಒಕ್ಕೂಟ ಸುಡಲಿ, ನನ್ನ ಪಂಪು ಸುಡಲಿ ಎನಿಸಿತು. ಕುರ್ಚಿಯಿಂದೆದ್ದು ಕತ್ತಲಿಗೇ ಚೀರಿದೆ.

"ತಾಯೀ! ಬಾಯಿ ಬಿಡ ತಾಯಿ! ಹೆಂಗ ಬರತೈತಿ ಹಂಗ ಕರಿ ನನ್ನ! ನಾ ಬರ್ತೇನಿ, ನನ್ನ ತಾಯಿ, ನಾ ಇಲ್ಲೇ ಅದೇನಿ!"

ಆಮೇಲೆ ಸ್ಪೀಕರು ಹರಿದುಹೋಗುವಂತೆ ಕೂಗು ಬಂತು.

"ಚಿಗವ್ವಾ!"

ಟೋಪಿ ಕಿತ್ತು ಎಸೆದು, ಗೋಡೆ ತಡವುತ್ತ ಓಡಿದೆ. ದೀಪ ಹತ್ತುವಷ್ಟರಲ್ಲಿ ಅವಳ ಕುರ್ಚಿಯ ಬಳಿ ಇದ್ದೆ. ಬೆಲ್ಟಿನ ಸಮೇತ ಅಪ್ಪಿಕೊಂಡೆ. ಚಿಗವ್ವ, ಚಿಗವ್ವ, ಚಿಗವ್ವ ಎಂದು ತಿಂಗಳ ಬಾಕಿಯನ್ನೆಲ್ಲ ಅವಳು ನನ್ನ ಕೊರಳಿಗೆ ಮುಖವಿಟ್ಟು ಸುರಿದಳು. ನಾನು ತಾಯಿ ತಾಯಿ ಎನ್ನುತ್ತಿದ್ದೆ. ಎಲ್ಲ ಮುಗಿಯಿತು ಎಂದುಕೊಂಡೆ. ಕೆಳಗಿನ ಜೀಪಿನವರು ಬಂದರೆ ಯಾರ ಕಾಲು ಹಿಡಿಯುವುದು, ಯಾವ ವಕೀಲರನ್ನು ಹಿಡಿಯುವುದು ಎಂದು ತಲೆ ಆಗಲೇ ಓಡುತ್ತಿತ್ತು.

"ಮೇಡಂ," ಸಿಂಚನಾ ಪರದೆಯ ಮುಂದಿನಿಂದ ಕರೆದಳು. "ಸ್ವಲ್ಪ ಬನ್ನಿ ಇಲ್ಲಿ."

ದಾಕ್ಷಾಯಣಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ, ಬೆಲ್ಟು ಬಿಚ್ಚಿ ಕಂಕುಳಲ್ಲಿ ಅವುಚಿಕೊಂಡೇ ಹೋದೆ. ಪರದೆ ಪೂರ್ತಿ ಹಸಿರಾಗಿತ್ತು. ಸಂಬಂಧ: ತಾಯಿ ಮತ್ತು ಮಗಳು. ತಾಳೆ: ಖಚಿತ. ಅದರ ಕೆಳಗೆ ಇನ್ನೆರಡು ಸಾಲು. ತಾಯಿ: ದಾಕ್ಷಾಯಣಿ, ವಯಸ್ಸು ಹನ್ನೊಂದು. ಮಗಳು: ನೀಲಾಂಬಿಕಾ, ವಯಸ್ಸು ಮೂವತ್ತಾರು.

"ನೀವು ತಾಯಿ ಅಂತ ಕೂಗಿದ್ರಲ್ಲ," ಸಿಂಚನಾ ನಿಧಾನವಾಗಿ ಹೇಳಿದಳು, "ಆಗ ನಿಮ್ ತಲೇಲಿ ಎದ್ದ ಮುಖ ಇವ್ಳದು. ಆ ಪದ ಕೇಳಿದ ಕೂಡ್ಲೇ ಇವ್ಳ ತಲೇಲಿ ತನ್ನನ್ನೇ ಕರೆದ್ರು ಅನ್ನೋ ಅಲೆ. ಎರಡೂ ಕಡೆ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಇಂಥ ತಾಳೆ ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ನೋಡಿಲ್ಲ."

"ಮತ್ತ ಆಕಿ ಚಿಗವ್ವ ಅಂದದ್ದು?"

"ಅದಕ್ಕೆ ಚಿಕ್ಕಮ್ಮ ಗೊತ್ತು, ಚಿಗವ್ವ ಗೊತ್ತಿಲ್ಲ. ಅರ್ಥವಾಗದ ಕೂಗು ಅಂತ ಬಿಟ್ಟಿದೆ."

"ವಯಸ್ಸರೆ ನೋಡಬಾರದೇನ್ರಿ ಅದು?"

"ವಯಸ್ಸು ನೋಡೋದು ಬೇರೆ ವಿಭಾಗ. ಅವ್ರು ಜನನ ಪತ್ರ ಮಾತ್ರ ನೋಡ್ತಾರೆ, ಸಂಬಂಧದ ಹಾಳೆ ನೋಡಲ್ಲ. ಸಂಬಂಧ ನೋಡೋರು ಹಸಿರಾ ಕೆಂಪಾ ಅಷ್ಟೇ ನೋಡ್ತಾರೆ." ಅವಳ ಬೆರಳು ಗುಂಡಿಯೊಂದರ ಮೇಲೆ ನಿಂತಿತ್ತು. "ಇದು ತಪ್ಪಾಗಿದೆ ಅಂತ ನೀವು ಹೇಳಿದ್ರೆ ನಾನು ತಿದ್ದುಪಡಿಗೆ ಕಳಿಸ್ಬೇಕು. ಕಳಿಸಿದ್ರೆ ಈ ಹಸಿರು ರದ್ದಾಗುತ್ತೆ. ನಿಯಮದ ಪ್ರಕಾರ ನಾನು ಕೇಳ್ಲೇಬೇಕು ಮೇಡಂ. ಇದು ಸರಿ ಇದೆಯಾ?"

ನಾನು ಆ ಎರಡು ಸಾಲು ಇನ್ನೊಮ್ಮೆ ಓದಿದೆ. ಸುಳ್ಳು ಹೇಳಬೇಕಾಗಿ ಬಂದಿದ್ದರೆ ಹೇಳುತ್ತಿದ್ದೆ, ಆಣೆ ಮಾಡಿಯಾದರೂ ಹೇಳುತ್ತಿದ್ದೆ. ಆದರೆ ಅದರ ಅಗತ್ಯವೇ ಬರಲಿಲ್ಲ. ಅಕ್ಕ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮ ಮನೆಯವರೆಲ್ಲ ಸೇರಿ ಆಡಿದ ಮಾತು ಇದೇ ಆಗಿತ್ತು. ದತ್ತು ಪತ್ರ, ಬಿಡುಗಡೆ ಪತ್ರ, ಕೋರ್ಟಿನ ಮೊಹರು ಯಾವುದೂ ನಮ್ಮಿಬ್ಬರನ್ನು ಇಷ್ಟು ಸರಿಯಾಗಿ ಬರೆದಿರಲಿಲ್ಲ.

"ಸರಿ ಐತ್ರಿ," ಎಂದೆ. "ನಮ್ಮ ಮನ್ಯಾಗ ಹಂಗ ಐತಿ."

ಸಿಂಚನಾ ಗುಂಡಿ ಒತ್ತಿದಳು. ಕಣ್ಣೊರೆಸಿಕೊಂಡದ್ದು ನನಗೆ ಕಾಣಬಾರದೆಂದು ಮುಖ ತಿರುಗಿಸಿದಳು. ದಾಕ್ಷಾಯಣಿಗೆ ಪರದೆ ಕಾಣಿಸುತ್ತಿರಲಿಲ್ಲ, ನನ್ನ ಸೆರಗಿನಲ್ಲೇ ಮುಖ ಹುದುಗಿಸಿಕೊಂಡಿದ್ದಳು. ಬಿಕ್ಕುತ್ತಲೇ ಕೇಳಿದಳು.

"ಏನಾತ ಚಿಗವ್ವ? ನೀ ನನ್ನ ಕರಕೊಂಡ ಹೋಗಬಹುದಂತೇನು?"

"ನಾ ನಿನ್ನ ಕರಕೊಂಡ ಹೋಗಾಂಗಿಲ್ಲಂತ ತಾಯಿ," ಎಂದೆ. "ನೀನ ನನ್ನ ಕರಕೊಂಡ ಹೊಂಟೀಯಂತ."